ಬೆತ್ತಲೆ ದೃಶ್ಯ ಮತ್ತು ನೈಜತೆಯ ವಾದ: ಹಾಲಿವುಡ್ ನೂರು ವರ್ಷ ಜಗಳವಾಡಿದ್ದು ಯಾವುದಕ್ಕೆ?

2023ರ ಜುಲೈನಲ್ಲಿ ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ಓಪನ್‌ಹೈಮರ್’ ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಎರಡು ಗಲಾಟೆ ಎದ್ದವು. ಮೊದಲನೆಯದು ಪ್ರಣಯದ ದೃಶ್ಯದ ನಡುವೆ ಭಗವದ್ಗೀತೆಯ ಸಾಲು ಬಂದದ್ದಕ್ಕೆ. ಎರಡನೆಯದು ಒಂದು ಕಪ್ಪು ಉಡುಪಿಗೆ. ಅಮೆರಿಕದ ಪ್ರತಿಯಲ್ಲಿ ನಟಿ ಫ್ಲಾರೆನ್ಸ್ ಪ್ಯೂ ಬೆತ್ತಲೆಯಾಗಿ ಕುರ್ಚಿಯಲ್ಲಿ ಕೂತಿರುವ ದೃಶ್ಯವೊಂದಿದೆ. ನಮಗೆ ತೋರಿಸಿದ ಪ್ರತಿಯಲ್ಲಿ ಅದೇ ದೃಶ್ಯದಲ್ಲಿ ಆಕೆಯ ಮೈಮೇಲೆ ಕಪ್ಪು ಬಟ್ಟೆ ಇತ್ತು. ಶೂಟಿಂಗ್ ದಿನ ಇಲ್ಲದ ಆ ಬಟ್ಟೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತೊಡಿಸಿದ್ದರು.

ಸಿನಿಮಾ ನೋಡಿ ಬಂದವರಲ್ಲಿ ಎರಡು ಪ್ರಶ್ನೆ ಉಳಿದವು. ಅಣುಬಾಂಬಿನ ಕಥೆಗೆ ಇದೆಲ್ಲ ಯಾಕೆ ಬೇಕಿತ್ತು? ಅಮೆರಿಕದಲ್ಲಿ ಇಂಥದ್ದನ್ನು ಕೇಳುವವರೇ ಇಲ್ಲವೇ? ಕೇಳುವವರು ಇದ್ದಾರೆ, ಮೊದಲಿನಿಂದಲೂ ಇದ್ದರು. ಒಂದು ಕಾಲದಲ್ಲಿ ಅಲ್ಲಿನ ಕಟ್ಟುಪಾಡು ಎಷ್ಟು ಬಿಗಿಯಿತ್ತೆಂದರೆ ಗಂಡ ಹೆಂಡತಿ ಒಂದೇ ಮಂಚದಲ್ಲಿ ಮಲಗಿದ್ದನ್ನು ತೋರಿಸಲೂ ಸ್ಟುಡಿಯೋಗಳು ಹಿಂಜರಿಯುತ್ತಿದ್ದವು. ಅಲ್ಲಿಂದ ಇಲ್ಲಿಗೆ ಬಂದ ದಾರಿಯುದ್ದಕ್ಕೂ ಮತ್ತೆ ಮತ್ತೆ ಕೇಳಿಬಂದ ವಾದವೊಂದಿದೆ: ‘ಇದು ಬದುಕಿನಲ್ಲಿ ಇರುವುದೇ, ನಾವು ಇದ್ದದ್ದನ್ನು ಇದ್ದಹಾಗೆ ತೋರಿಸುತ್ತಿದ್ದೇವೆ.’ ಈ ನೈಜತೆಯ ವಾದ ಯಾವಾಗ ನಿಜವಾದ ಕಾರಣವಾಗಿತ್ತು, ಯಾವಾಗ ಬರೀ ನೆಪವಾಗಿತ್ತು ಎಂಬುದನ್ನು ತಿಳಿದರೆ ಅಮೆರಿಕದ ಸಿನಿಮಾದ ಅರ್ಧ ಚರಿತ್ರೆ ತಿಳಿದಂತೆ.

## ನಗ್ನತೆ ಬೇರೆ, ಅಶ್ಲೀಲತೆ ಬೇರೆ

ಮಾತಿನ ಭರದಲ್ಲಿ ನಾವು ಒಂದೇ ಎಂದುಕೊಳ್ಳುವ ಮೂರು ಸಂಗತಿಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ನಗ್ನತೆ ಎಂದರೆ ಮೈಮೇಲೆ ಬಟ್ಟೆ ಇಲ್ಲದಿರುವುದು, ಅಷ್ಟೆ. ಲೈಂಗಿಕತೆ ಎಂದರೆ ಕಾಮಕ್ಕೆ ಸಂಬಂಧಪಟ್ಟದ್ದು. ಅದನ್ನು ಪೂರ್ತಿ ಬಟ್ಟೆ ತೊಟ್ಟವರ ನಡುವೆಯೂ ತೋರಿಸಬಹುದು. ಅಶ್ಲೀಲತೆ ಕಾನೂನಿನ ತೀರ್ಮಾನ. ಒಂದು ಕೃತಿ ಎಲ್ಲೆ ಮೀರಿದೆ, ಅದಕ್ಕೆ ರಕ್ಷಣೆ ಇಲ್ಲ ಎಂದು ಕೋರ್ಟು ಹೇಳಿದಾಗ ಮಾತ್ರ ಆ ಹೆಸರು ಅಂಟುತ್ತದೆ.

ಕನ್ನಡಿಗರಿಗೆ ಈ ವ್ಯತ್ಯಾಸವನ್ನು ವಿವರಿಸುವುದು ಕಷ್ಟವಲ್ಲ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟ ಸಾವಿರ ವರ್ಷಗಳಿಂದ ದಿಗಂಬರನಾಗಿ ನಿಂತಿದ್ದಾನೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತುವವರಿಗೆ ಅಲ್ಲಿ ಕಾಣುವುದು ಎಲ್ಲವನ್ನೂ ಬಿಟ್ಟುಕೊಟ್ಟವನ ನಿಲುವು. ಬಟ್ಟೆಯಿಲ್ಲದ ಮೈ ಏನು ಹೇಳುತ್ತದೆ ಎಂಬುದನ್ನು ಅದರ ಸುತ್ತಲಿನ ಸಂದರ್ಭ ತೀರ್ಮಾನಿಸುತ್ತದೆ. ಅಮೆರಿಕದ ಕೋರ್ಟುಗಳು ಸಿನಿಮಾದ ವಿಷಯದಲ್ಲಿ ಇದೇ ಮಾತಿಗೆ ಬಂದು ಮುಟ್ಟಲು ಸುಮಾರು ಅರವತ್ತು ವರ್ಷ ತೆಗೆದುಕೊಂಡವು.

ವಾಸ್ತವಿಕತೆಗೂ ಎರಡು ಮುಖಗಳಿವೆ. ಯುದ್ಧ, ಬಡತನ, ಮಲಗುವ ಕೋಣೆ, ಜೈಲು, ಇವನ್ನೆಲ್ಲ ಸುಣ್ಣ ಬಳಿಯದೆ ಇದ್ದಂತೆ ಹೇಳುವುದು ಕಥೆಯ ವಾಸ್ತವಿಕತೆ. ತೆರೆಯ ಮೇಲೆ ನಡೆಯುತ್ತಿರುವುದು ನಟನೆ ಎಂದು ಅನಿಸದಂತೆ ಚಿತ್ರಿಸುವುದು ತೋರಿಕೆಯ ವಾಸ್ತವಿಕತೆ. ಸೆನ್ಸಾರ್ ವಿರುದ್ಧ ಹೋರಾಡಿದವರು ಹೆಚ್ಚಾಗಿ ಮೊದಲನೆಯದನ್ನು ಮುಂದಿಟ್ಟರು. ನಟನಟಿಯರಿಗೆ ತೊಂದರೆ ಕೊಟ್ಟದ್ದು ಎರಡನೆಯದು.

## ಸಿನಿಮಾ ಬರೀ ವ್ಯಾಪಾರ ಎಂದಿದ್ದ ಕಾಲ

1915ರಲ್ಲಿ ‘ಇನ್‌ಸ್ಪಿರೇಷನ್’ ಎಂಬ ಮೂಕಿಚಿತ್ರ ಬಂತು. ಅದರಲ್ಲಿ ಆಡ್ರಿ ಮನ್ಸನ್ ಶಿಲ್ಪಿಗೆ ರೂಪದರ್ಶಿಯಾಗಿ ನಿಲ್ಲುವ ಹುಡುಗಿಯಾಗಿ ಬೆತ್ತಲೆ ಕಾಣಿಸಿಕೊಂಡರು. ನಿಜಜೀವನದಲ್ಲೂ ಆಕೆ ರೂಪದರ್ಶಿಯೇ. ನ್ಯೂಯಾರ್ಕಿನ ಹಲವು ಸಾರ್ವಜನಿಕ ಶಿಲ್ಪಗಳಿಗೆ ಆಕೆಯೇ ಮಾದರಿ. ಶಿಲ್ಪಕ್ಕೆ ಒಪ್ಪುವುದು ಸಿನಿಮಾಕ್ಕೆ ಯಾಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆ ಅಷ್ಟು ಬೇಗ ಹುಟ್ಟಿತ್ತು.

ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ‘ಮ್ಯೂಚುಯಲ್ ಫಿಲ್ಮ್’ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಂತಾಯಿತು. ಸಿನಿಮಾ ಪ್ರದರ್ಶನ ಲಾಭಕ್ಕಾಗಿ ನಡೆಸುವ ವ್ಯಾಪಾರ, ಪತ್ರಿಕೆಗೆ ಇರುವ ಸ್ವಾತಂತ್ರ್ಯ ಅದಕ್ಕಿಲ್ಲ ಎಂದಿತು ಕೋರ್ಟು. ಒಹಾಯೊ, ಪೆನ್ಸಿಲ್ವೇನಿಯದಂಥ ರಾಜ್ಯಗಳಲ್ಲಿ ಸರ್ಕಾರಿ ಸೆನ್ಸಾರ್ ಮಂಡಳಿಗಳು ಆಗಲೇ ಇದ್ದವು; ತೀರ್ಪಿನಿಂದ ಅವುಗಳ ಕೈ ಇನ್ನಷ್ಟು ಬಲವಾಯಿತು. ಒಂದು ರಾಜ್ಯದವರು ಕತ್ತರಿಸಿದ್ದನ್ನು ಇನ್ನೊಂದು ರಾಜ್ಯದವರು ಬಿಡುತ್ತಿದ್ದರು. ಒಂದೇ ಚಿತ್ರಕ್ಕೆ ಬೇರೆ ಬೇರೆ ಪ್ರತಿ ಮಾಡುವುದೆಂದರೆ ಸ್ಟುಡಿಯೋಗಳಿಗೆ ದುಡ್ಡಿನ ಹೊರೆ.

1920ರ ದಶಕದ ಮೊದಲಲ್ಲಿ ಹಾಲಿವುಡ್ ತಾರೆಯರ ಸುತ್ತ ಕೊಲೆ, ಸಾವುಗಳ ಹಗರಣಗಳು ಎದ್ದು ಪತ್ರಿಕೆಗಳ ತುಂಬ ಅದೇ ಸುದ್ದಿಯಾಯಿತು. ಕೇಂದ್ರ ಸರ್ಕಾರವೇ ಸೆನ್ಸಾರ್ ತಂದೀತೆಂದು ಹೆದರಿದ ಸ್ಟುಡಿಯೋಗಳು 1922ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು, ಅಂಚೆ ಇಲಾಖೆಯ ಮುಖ್ಯಸ್ಥರಾಗಿದ್ದ ವಿಲ್ ಹೇಸ್ ಅವರನ್ನು ಅದರ ತಲೆಯಾಗಿ ಕೂರಿಸಿದವು. ಬೇರೆಯವರು ಕತ್ತರಿ ಹಾಕುವ ಮೊದಲು ನಾವೇ ಹಾಕಿಕೊಳ್ಳೋಣ ಎಂಬುದು ಲೆಕ್ಕ.

## ಹೇಸ್ ಸಂಹಿತೆ ಏನು ಹೇಳಿತು?

1930ರಲ್ಲಿ ಕ್ಯಾಥೊಲಿಕ್ ಪಾದ್ರಿ ಡೇನಿಯಲ್ ಲಾರ್ಡ್ ಮತ್ತು ಸಿನಿಮಾ ಪತ್ರಿಕೆಯ ಪ್ರಕಾಶಕ ಮಾರ್ಟಿನ್ ಕ್ವಿಗ್ಲಿ ಸೇರಿ ಒಂದು ನಿಯಮಾವಳಿ ಬರೆದರು. ಜನ ಅದನ್ನು ‘ಹೇಸ್ ಸಂಹಿತೆ’ ಎಂದು ಕರೆದರು. ಪೂರ್ಣ ನಗ್ನತೆಗೆ ಯಾವತ್ತೂ ಅವಕಾಶವಿಲ್ಲ, ನೆರಳಿನ ರೂಪದಲ್ಲೂ ಇಲ್ಲ, ಬೆತ್ತಲೆ ಇರುವವರನ್ನು ಇನ್ನೊಂದು ಪಾತ್ರ ಕಾಮದ ಕಣ್ಣಿನಿಂದ ನೋಡುವುದೂ ಇಲ್ಲ ಎಂದು ಅದರಲ್ಲಿತ್ತು. ಮೈ ಸುಂದರವಾಗಿದೆ ಎಂದ ಮಾತ್ರಕ್ಕೆ ಅದನ್ನು ಸಿನಿಮಾದಲ್ಲಿ ಬಳಸುವುದು ನೈತಿಕವಾಗುವುದಿಲ್ಲ ಎಂಬ ವಿವರಣೆಯೂ ಇತ್ತು. ಚಿತ್ರಕಲೆ, ಶಿಲ್ಪದವರ ವಾದಕ್ಕೆ ಕೊಟ್ಟ ಉತ್ತರವಿದು.

ನಾಲ್ಕು ವರ್ಷ ಈ ನಿಯಮ ಹೆಚ್ಚಾಗಿ ಕಾಗದದ ಮೇಲೆಯೇ ಇತ್ತು. 1934ರಲ್ಲಿ ಕ್ಯಾಥೊಲಿಕ್ ಸಂಘಟನೆಯಾದ ‘ಲೀಜನ್ ಆಫ್ ಡೀಸೆನ್ಸಿ’ ಬಹಿಷ್ಕಾರದ ಬೆದರಿಕೆ ಹಾಕಿತು. ಆಗ ಜೋಸೆಫ್ ಬ್ರೀನ್ ಎಂಬವರ ಕೈಗೆ ಅಧಿಕಾರ ಬಂತು. ಅವರ ಕಚೇರಿಯ ಮುದ್ರೆ ಇಲ್ಲದ ಚಿತ್ರ ಬಿಡುಗಡೆ ಮಾಡಿದ ಸ್ಟುಡಿಯೋಗೆ 25,000 ಡಾಲರ್ ದಂಡ. ದಂಡಕ್ಕಿಂತ ದೊಡ್ಡ ಭಯ ಬೇರೆಯಿತ್ತು: ದೇಶದ ಮುಖ್ಯ ಥಿಯೇಟರುಗಳು ಸ್ಟುಡಿಯೋಗಳ ಒಡೆತನದಲ್ಲೇ ಇದ್ದುದರಿಂದ ಮುದ್ರೆ ಇಲ್ಲದ ಚಿತ್ರಕ್ಕೆ ತೆರೆಯೇ ಸಿಗುತ್ತಿರಲಿಲ್ಲ. ಆ ವರ್ಷದ ‘ಟಾರ್ಜನ್ ಆ್ಯಂಡ್ ಹಿಸ್ ಮೇಟ್’ ಚಿತ್ರದಲ್ಲಿ ನಾಯಕಿ ನೀರಿನಡಿ ಬೆತ್ತಲೆ ಈಜುವ ದೃಶ್ಯಕ್ಕೆ ಕತ್ತರಿ ಬಿತ್ತು. ಅಲ್ಲಿ ಈಜಿದ್ದು ನಾಯಕಿಯಲ್ಲ, ಡ್ಯೂಪ್ ಆಗಿದ್ದ ಒಲಿಂಪಿಕ್ ಈಜುಗಾರ್ತಿ ಜೋಸೆಫಿನ್ ಮೆಕಿಮ್.

ಸಂಹಿತೆಯಲ್ಲಿ ಗಮನಿಸಬೇಕಾದ ಒಂದು ವಿನಾಯಿತಿ ಇತ್ತು. ಪರದೇಶದ ‘ಮೂಲನಿವಾಸಿ’ಗಳ ಬದುಕನ್ನು ಅಲ್ಲೇ ಹೋಗಿ ಚಿತ್ರಿಸಿದ್ದರೆ, ಇಡೀ ಚಿತ್ರ ಅದರ ಬಗ್ಗೆಯೇ ಇದ್ದರೆ, ಅವರ ಬರಿಮೈ ತೋರಿಸಬಹುದಿತ್ತು. ಸ್ಟುಡಿಯೋದೊಳಗೆ ತೆಗೆದರೆ ಇಲ್ಲ. ಅಂದರೆ ಬಿಳಿಯ ನಟಿಯ ಮೈಗೆ ಅನ್ವಯಿಸದ ನೈಜತೆ ಆಫ್ರಿಕದ, ಪೆಸಿಫಿಕ್ ದ್ವೀಪಗಳ ಹೆಂಗಸಿಗೆ ಅನ್ವಯಿಸಿತು. ಯಾರ ಮಾನವನ್ನು ಕಾಪಾಡಲು ಈ ನಿಯಮ ಇತ್ತು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ನಿಯಮದ ಪೆಟ್ಟು ಬೆತ್ತಲೆ ದೃಶ್ಯಗಳಿಗಷ್ಟೇ ಬೀಳಲಿಲ್ಲ. ಸತ್ಯಜಿತ್ ರಾಯ್ ಅವರನ್ನು ಗಾಢವಾಗಿ ತಟ್ಟಿದ, ನಮ್ಮಲ್ಲಿ ಫಿಲ್ಮ್ ಸೊಸೈಟಿಗಳ ತಲೆಮಾರುಗಳೇ ನೋಡಿ ಬೆಳೆದ ಇಟಲಿಯ ‘ಬೈಸಿಕಲ್ ಥೀವ್ಸ್’ ಚಿತ್ರಕ್ಕೂ ಬ್ರೀನ್ ಕಚೇರಿ ಮುದ್ರೆ ನಿರಾಕರಿಸಿತು. ಪುಟ್ಟ ಹುಡುಗ ಗೋಡೆಯ ಬದಿಗೆ ಉಚ್ಚೆ ಹೊಯ್ಯಲು ನಿಲ್ಲುವ ಶಾಟ್, ವೇಶ್ಯಾಗೃಹದೊಳಗಿನ ಒಂದು ದೃಶ್ಯ, ಇವೆರಡನ್ನು ತೆಗೆಯಬೇಕೆಂಬುದು ಬೇಡಿಕೆ. ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ ಒಪ್ಪಲಿಲ್ಲ. ಆಸ್ಕರ್ ಗೌರವ ಪಡೆದ ಚಿತ್ರವೊಂದು ಮುದ್ರೆಗೆ ಅನರ್ಹ ಎಂದಾಗ, ಮುದ್ರೆಯ ಬೆಲೆಯ ಬಗ್ಗೆಯೇ ಜನಕ್ಕೆ ಅನುಮಾನ ಶುರುವಾಯಿತು.

## ಕಟ್ಟು ಸಡಿಲವಾದದ್ದು

1948ರಲ್ಲಿ ಸುಪ್ರೀಂ ಕೋರ್ಟ್ ಪ್ಯಾರಾಮೌಂಟ್ ಪ್ರಕರಣದಲ್ಲಿ ಸ್ಟುಡಿಯೋಗಳ ಏಕಸ್ವಾಮ್ಯ ಮುರಿಯಿತು; ಅವು ತಮ್ಮ ಥಿಯೇಟರುಗಳನ್ನು ಬಿಟ್ಟುಕೊಡಬೇಕಾಯಿತು. ಈಗ ಥಿಯೇಟರ್ ಮಾಲೀಕ ಮುದ್ರೆಯಿಲ್ಲದ ವಿದೇಶಿ ಚಿತ್ರವನ್ನೂ ಹಾಕಬಹುದಿತ್ತು. 1952ರಲ್ಲಿ ಇಟಲಿಯ ರೊಬೆರ್ಟೊ ರೊಸೆಲ್ಲಿನಿಯ ‘ದಿ ಮಿರಾಕಲ್’ ಚಿತ್ರದ ಪ್ರಕರಣದಲ್ಲಿ ಅದೇ ಕೋರ್ಟು 1915ರ ತನ್ನ ಮಾತನ್ನು ಹಿಂದಕ್ಕೆ ಪಡೆದು, ಸಿನಿಮಾಕ್ಕೂ ಅಭಿವ್ಯಕ್ತಿ ಸ್ವಾತಂತ್ರ್ಯ ಇದೆ ಎಂದಿತು. 1957ರಲ್ಲಿ ನಗ್ನತಾವಾದಿಗಳ ಶಿಬಿರದ ಕುರಿತ ‘ಗಾರ್ಡನ್ ಆಫ್ ಈಡನ್’ ಚಿತ್ರದ ವಿಷಯದಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ, ಬೆತ್ತಲೆ ಇದ್ದ ಮಾತ್ರಕ್ಕೆ ಅಶ್ಲೀಲವಾಗದು ಎಂದು ಹೇಳಿತು.

ಈ ತೀರ್ಪಿನ ಲಾಭ ಮೊದಲು ಪಡೆದವರು ಕಲಾವಿದರಲ್ಲ. ಕಥೆಯ ಹೆಸರಿಗೆ ಒಂದೆಳೆ ಇಟ್ಟುಕೊಂಡು ಬೆತ್ತಲೆ ಹೆಂಗಸರನ್ನು ತೋರಿಸುವ ಅಗ್ಗದ ಚಿತ್ರಗಳು 1959ರಿಂದ ಸಾಲುಸಾಲಾಗಿ ಬಂದವು. ದೊಡ್ಡ ಸ್ಟುಡಿಯೋಗಳು ಮಾತ್ರ ಇನ್ನೂ ಸಂಹಿತೆಯ ಬೇಲಿಯೊಳಗೇ ಇದ್ದವು. ಆ ಬೇಲಿಗೆ ಮೊದಲ ದೊಡ್ಡ ಕಿಂಡಿ ಕೊರೆದ ಚಿತ್ರ ಯಾವುದೆಂದು ತಿಳಿದರೆ ನೈಜತೆಯ ವಾದದ ನಿಜವಾದ ತೂಕ ಅರ್ಥವಾಗುತ್ತದೆ.

ಸಿಡ್ನಿ ಲ್ಯೂಮೆಟ್ ನಿರ್ದೇಶನದ ‘ದಿ ಪಾನ್‌ಬ್ರೋಕರ್’ ಅಮೆರಿಕದಲ್ಲಿ 1965ರಲ್ಲಿ ತೆರೆಕಂಡಿತು. ನಾಜಿ ಶಿಬಿರದಲ್ಲಿ ಹೆಂಡತಿ ಮಕ್ಕಳನ್ನು ಕಳೆದುಕೊಂಡು ಬದುಕುಳಿದ ಯಹೂದಿಯೊಬ್ಬ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಗಿರವಿ ಅಂಗಡಿ ನಡೆಸುತ್ತಾನೆ. ಮನಸ್ಸು ಕಲ್ಲಾಗಿದೆ, ಯಾರ ಕಷ್ಟವೂ ಅವನನ್ನು ಮುಟ್ಟುವುದಿಲ್ಲ. ಒಂದು ದಿನ ಹೆಚ್ಚು ಹಣದ ಆಸೆಯಿಂದ ಒಬ್ಬ ಹೆಂಗಸು ಅವನ ಮುಂದೆ ಎದೆಯ ಬಟ್ಟೆ ತೆಗೆಯುತ್ತಾಳೆ. ಆ ಕ್ಷಣ ಅವನಿಗೆ ಶಿಬಿರದ ನೆನಪು ತುಂಡುತುಂಡಾಗಿ ನುಗ್ಗುತ್ತದೆ. ಅಲ್ಲಿ ಸೈನಿಕರ ಭೋಗಕ್ಕೆಂದು ಬೆತ್ತಲಾಗಿಸಿದ್ದ ಹೆಂಡತಿಯನ್ನು ನೋಡುವಂತೆ ಅವನ ತಲೆಯನ್ನೇ ಹಿಡಿದು ತಿರುಗಿಸಿದ್ದರು. ಎದುರಿಗಿರುವವಳ ಮೈಯನ್ನು ಅವನು ಆಸೆಯಿಂದ ನೋಡುವುದಿಲ್ಲ, ನೋಡಲಾರ. ಪ್ರೇಕ್ಷಕನಿಗೂ ಆಗುವುದು ಅದೇ.

ಸಂಹಿತೆಯ ಕಚೇರಿ ಮುದ್ರೆ ಕೊಡಲಿಲ್ಲ. ಮೇಲ್ಮನವಿ ಹೋಯಿತು. ದೃಶ್ಯದ ಉದ್ದ ತಗ್ಗಿಸುವ ಷರತ್ತಿನೊಂದಿಗೆ, ಇದು ವಿಶೇಷ ಪ್ರಕರಣ, ಮುಂದಿನವರಿಗೆ ಮಾದರಿಯಲ್ಲ ಎಂದು ಹೇಳಿ ಮೇಲ್ಮನವಿ ಮಂಡಳಿ ಒಪ್ಪಿಗೆ ನೀಡಿತು. ನಗ್ನ ಎದೆ ಕಾಣುವ ಚಿತ್ರಕ್ಕೆ ಸಂಹಿತೆಯ ಮುದ್ರೆ ಬಿದ್ದದ್ದು ಅದೇ ಮೊದಲು. ಲೀಜನ್ ಆಫ್ ಡೀಸೆನ್ಸಿ ಚಿತ್ರವನ್ನು ಖಂಡಿಸಿತು. ಒಂದಕ್ಕೆ ಬಿಟ್ಟರೆ ಅಮೆರಿಕದ ಚಿತ್ರಗಳಲ್ಲಿ ನಗ್ನತೆ ತುಂಬಿಸಲು ಹೊರಟ ನಿರ್ಮಾಪಕರಿಗೆ ದಾರಿ ಮಾಡಿಕೊಟ್ಟಂತೆ ಎಂಬುದು ಅದರ ಆತಂಕ.

ನನಗೆ ಅನಿಸುವಂತೆ ಇಬ್ಬರ ಮಾತಿನಲ್ಲೂ ಹುರುಳಿತ್ತು. ಆ ದೃಶ್ಯವಿಲ್ಲದೆ ಆ ಚಿತ್ರವಿಲ್ಲ. ಮತ್ತೊಂದೆಡೆ, ಮಾದರಿಯಲ್ಲ ಎಂದು ಎಷ್ಟೇ ಹೇಳಿದರೂ ಅದು ಮಾದರಿಯಾಗಿಯೇ ಆಯಿತು. ಮರುವರ್ಷವೇ ಎಂಜಿಎಂ ಸ್ಟುಡಿಯೋ ಬೆತ್ತಲೆ ದೃಶ್ಯಗಳಿದ್ದ ‘ಬ್ಲೋ-ಅಪ್’ ಚಿತ್ರವನ್ನು ಮುದ್ರೆಯಿಲ್ಲದೆ ತನ್ನ ಉಪಕಂಪನಿಯ ಹೆಸರಿನಲ್ಲಿ ಬಿಡುಗಡೆ ಮಾಡಿತು, ಚಿತ್ರ ಗೆದ್ದಿತು.

## ಈಗಿರುವ ಪದ್ಧತಿ ಹೇಗೆ ಕೆಲಸ ಮಾಡುತ್ತದೆ?

1968ರ ನವೆಂಬರ್ 1ರಂದು ನಿರ್ಮಾಪಕರ ಸಂಘದ ಅಧ್ಯಕ್ಷ ಜ್ಯಾಕ್ ವ್ಯಾಲೆಂಟಿ ಸಂಹಿತೆಯನ್ನು ಕೈಬಿಟ್ಟು ರೇಟಿಂಗ್ ಪದ್ಧತಿ ತಂದರು. ಇದನ್ನು ತೋರಿಸಬಾರದು ಎನ್ನುವ ಬದಲು ಇದನ್ನು ಯಾರು ನೋಡಬಹುದು ಎಂದು ಹೇಳುವುದು ಹೊಸ ದಾರಿ. ಇಂದು ಐದು ದರ್ಜೆಗಳಿವೆ. ‘ಜಿ’ ಎಲ್ಲರಿಗೂ. ‘ಪಿಜಿ’ ಎಂದರೆ ಹೆತ್ತವರು ಗಮನಿಸಿ. ‘ಪಿಜಿ-13’ ಹದಿಮೂರರ ಒಳಗಿನವರ ವಿಷಯದಲ್ಲಿ ಗಟ್ಟಿ ಎಚ್ಚರಿಕೆ. ಇದು 1984ರಲ್ಲಿ ಸೇರಿದ್ದು. ‘ಆರ್’ ಇದ್ದರೆ ಹದಿನೇಳರ ಒಳಗಿನವರು ದೊಡ್ಡವರ ಜೊತೆ ಬರಬೇಕು. 1990ರಲ್ಲಿ ಬಂದ ‘ಎನ್‌ಸಿ-17’ ವಯಸ್ಕರಿಗೆ ಮಾತ್ರ.

ನಮ್ಮ ಸೆನ್ಸಾರ್ ಮಂಡಳಿಗೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ನಮ್ಮದು ಕಾನೂನಿನಡಿಯ ಸರ್ಕಾರಿ ಸಂಸ್ಥೆ. ಸರ್ಟಿಫಿಕೇಟ್ ಇಲ್ಲದೆ ಥಿಯೇಟರಿನಲ್ಲಿ ಚಿತ್ರ ಹಾಕಿದರೆ ಅಪರಾಧ. ಅಮೆರಿಕದ್ದು ಉದ್ಯಮವೇ ನಡೆಸುವ ಖಾಸಗಿ ವ್ಯವಸ್ಥೆ. ರೇಟಿಂಗ್ ಕೊಡುವವರು ಮಕ್ಕಳಿರುವ ಸಾಮಾನ್ಯ ತಂದೆತಾಯಂದಿರು, ಹೆಚ್ಚಿನವರ ಹೆಸರು ಗುಟ್ಟಾಗಿರುತ್ತದೆ. ರೇಟಿಂಗ್ ಪಡೆಯಲೇಬೇಕೆಂಬ ಕಾನೂನಿಲ್ಲ. ಆದರೆ ದೊಡ್ಡ ಥಿಯೇಟರ್ ಸರಣಿಗಳು, ಜಾಹೀರಾತು ಹಾಕುವ ಪತ್ರಿಕೆಗಳು ಎನ್‌ಸಿ-17 ಚಿತ್ರಗಳನ್ನು ದೂರ ಇಟ್ಟದ್ದರಿಂದ, ಸರ್ಕಾರ ಮಾಡದ ಕೆಲಸವನ್ನು ಮಾರುಕಟ್ಟೆ ಮಾಡುತ್ತದೆ.

ಅದಕ್ಕೇ 1999ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ತೀರಿಕೊಂಡ ಮೇಲೆ ಬಂದ ‘ಐಸ್ ವೈಡ್ ಶಟ್’ ಚಿತ್ರದಲ್ಲಿ ಸ್ಟುಡಿಯೋ ಒಂದು ಉಪಾಯ ಮಾಡಿತು. ಬೆತ್ತಲೆ ಕೂಟದ ದೃಶ್ಯದಲ್ಲಿ, ನಿಲುವಂಗಿ ತೊಟ್ಟ ಆಕೃತಿಗಳನ್ನು ಕಂಪ್ಯೂಟರಿನಲ್ಲಿ ರಚಿಸಿ ಕ್ಯಾಮೆರಾಗೆ ಅಡ್ಡ ನಿಲ್ಲಿಸಿತು. ಅಮೆರಿಕಕ್ಕೆ ಈ ಪ್ರತಿ, ಯುರೋಪಿಗೆ ಮರೆಯಿಲ್ಲದ ಪ್ರತಿ. ‘ಓಪನ್‌ಹೈಮರ್’ ಚಿತ್ರಕ್ಕೆ ನಮ್ಮಲ್ಲಿ ‘ಯು/ಎ’ ಸಿಕ್ಕಿದ್ದರ ಹಿಂದೆಯೂ ಇದೇ ತರ್ಕ ಕಾಣುತ್ತದೆ. ‘ಎ’ ಸರ್ಟಿಫಿಕೇಟ್ ಬಂದರೆ ಹದಿನೆಂಟರ ಒಳಗಿನವರೆಲ್ಲ ಹೊರಗೆ. ಅಮೆರಿಕದಲ್ಲಿ ಅದೇ ಚಿತ್ರ ‘ಆರ್’. ಅಪ್ಪನ ಜೊತೆ ಹೋದ ಹುಡುಗ ಅಲ್ಲಿ ಪೂರ್ತಿ ಪ್ರತಿಯನ್ನೇ ನೋಡಬಹುದು.

ಆ ಚಿತ್ರದ ಇನ್ನೊಂದು ದೃಶ್ಯವನ್ನೂ ಇಲ್ಲಿ ನೆನೆಯಬೇಕು. ಭದ್ರತಾ ವಿಚಾರಣೆಯ ಕೋಣೆಯಲ್ಲಿ ಹಳೆಯ ಪ್ರೇಮದ ಬಗ್ಗೆ ಕೆದಕಿ ಕೇಳುವಾಗ ಓಪನ್‌ಹೈಮರ್ ಎಲ್ಲರ ನಡುವೆ ಬೆತ್ತಲೆ ಕೂತಂತೆ ಕಾಣುತ್ತಾನೆ. ಹಾಗೆ ನಿಜವಾಗಿ ನಡೆದಿರಲು ಸಾಧ್ಯವೇ ಇಲ್ಲ. ಇಲ್ಲಿನ ನಗ್ನತೆ ನೈಜತೆಗಾಗಿ ಅಲ್ಲ. ಮನುಷ್ಯನ ಖಾಸಗಿ ಬದುಕನ್ನು ಕಡತಕ್ಕೆ ಇಳಿಸಿದಾಗ ಅವನಿಗೆ ಆಗುವ ಅವಮಾನವನ್ನು ಕಣ್ಣಿಗೆ ಕಾಣಿಸುವುದಕ್ಕೆ.

## ಕೋರ್ಟು ಹಾಕಿದ ಗೆರೆ

1973ರ ಮಿಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಶ್ಲೀಲತೆಗೆ ಮೂರು ಪರೀಕ್ಷೆ ಇಟ್ಟಿತು. ಆ ಸಮುದಾಯದ ಸಾಮಾನ್ಯ ಮನುಷ್ಯನ ಕಣ್ಣಿಗೆ ಇಡೀ ಕೃತಿ ಕಾಮದ ಕೆರಳಿಕೆಗೆಂದೇ ಇರುವುದಾಗಿ ಕಾಣಬೇಕು. ಲೈಂಗಿಕ ಕ್ರಿಯೆಯನ್ನು ಅಸಹ್ಯವಾಗಿ ತೋರಿಸಿರಬೇಕು. ಸಾಹಿತ್ಯ, ಕಲೆ, ರಾಜಕೀಯ, ವಿಜ್ಞಾನದ ಗಂಭೀರ ಮೌಲ್ಯ ಯಾವುದೂ ಇರಬಾರದು. ಮೂರೂ ಸೇರಿದರೆ ಮಾತ್ರ ಅಶ್ಲೀಲ.

ಪರೀಕ್ಷೆ ಕೂಡಲೇ ಕೆಲಸಕ್ಕೆ ಬಂತು. ಜಾರ್ಜಿಯ ರಾಜ್ಯದ ಆಲ್ಬನಿ ಊರಿನಲ್ಲಿ ಮೈಕ್ ನಿಕೋಲ್ಸ್ ನಿರ್ದೇಶನದ ‘ಕಾರ್ನಲ್ ನಾಲೆಜ್’ ತೋರಿಸಿದ ಥಿಯೇಟರ್ ಮ್ಯಾನೇಜರ್‌ಗೆ 750 ಡಾಲರ್ ದಂಡ, ಹನ್ನೆರಡು ತಿಂಗಳ ಪ್ರೊಬೇಷನ್ ಶಿಕ್ಷೆಯಾಗಿತ್ತು. ಪ್ರಸಿದ್ಧ ನಟರಿದ್ದ, ಆಸ್ಕರ್‌ಗೆ ನಾಮನಿರ್ದೇಶನಗೊಂಡ ಚಿತ್ರ ಅದು. 1974ರಲ್ಲಿ ಸುಪ್ರೀಂ ಕೋರ್ಟ್ ಒಕ್ಕೊರಲಿನಿಂದ ಶಿಕ್ಷೆ ರದ್ದು ಮಾಡಿ, ನಗ್ನತೆಯೊಂದೇ ಇದ್ದರೆ ಅದು ಅಶ್ಲೀಲವಾಗಲು ಸಾಲದು ಎಂದಿತು.

ಮರುವರ್ಷ ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನಿಂದ ಇನ್ನೊಂದು ಪ್ರಕರಣ ಬಂತು. ಕಾರಿನಲ್ಲೇ ಕೂತು ಬಯಲಿನಲ್ಲಿ ಸಿನಿಮಾ ನೋಡುವ ಡ್ರೈವ್-ಇನ್ ಥಿಯೇಟರಿನ ತೆರೆ ರಸ್ತೆಗೆ ಕಾಣುತ್ತಿತ್ತು. ರಸ್ತೆಗೆ ಕಾಣುವ ತೆರೆಯ ಮೇಲೆ ಬರಿಮೈ ತೋರಿಸಕೂಡದೆಂದು ನಗರಾಡಳಿತ ನಿಯಮ ಮಾಡಿತ್ತು. ಈ ನಿಯಮದ ಪ್ರಕಾರ ಮಗುವಿನ ಕುಂಡೆಯನ್ನೂ, ಯುದ್ಧದಲ್ಲಿ ಸತ್ತವರ ಬೆತ್ತಲೆ ಶವವನ್ನೂ ತೋರಿಸುವಂತಿಲ್ಲವಲ್ಲ ಎಂದು ಹೇಳಿ ಕೋರ್ಟು ಅದನ್ನು ಹೊಡೆದುಹಾಕಿತು. ಬೆತ್ತಲೆ ಎಂಬ ಒಂದೇ ಅಳತೆಗೋಲು ಹಿಡಿದರೆ ಎಂಥ ಅನಾಹುತವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

## ಗುಂಡೇಟಿಗೆ ಸಡಿಲ, ಮೈಗೆ ಬಿಗಿ

ಅಮೆರಿಕದ ಚಿತ್ರಗಳಲ್ಲಿ ಹತ್ತಾರು ಜನ ಗುಂಡೇಟಿಗೆ ಉರುಳಿದರೂ ಪಿಜಿ-13 ಸಿಗಬಹುದು. ಮಲಗುವ ಕೋಣೆಯ ಒಂದು ದೃಶ್ಯಕ್ಕೆ ಆರ್ ಬೀಳಬಹುದು. ಇದು ಅಲ್ಲಿನವರೇ ಎತ್ತುವ ದೂರು. 2010ರ ‘ಬ್ಲೂ ವ್ಯಾಲೆಂಟೈನ್’ ಮುರಿಯುತ್ತಿರುವ ದಾಂಪತ್ಯವೊಂದರ ಕಥೆ. ಅದಕ್ಕೆ ಮೊದಲು ಎನ್‌ಸಿ-17 ಕೊಟ್ಟು, ಮೇಲ್ಮನವಿಯ ನಂತರ ಯಾವ ಕತ್ತರಿಯೂ ಇಲ್ಲದೆ ಆರ್‌ಗೆ ಇಳಿಸಿದರು. ಚಿತ್ರ ಅದೇ, ನೋಡಿದವರ ತೀರ್ಮಾನ ಬೇರೆ.

ಇದಕ್ಕೆ ಅಮೆರಿಕಕ್ಕೆ ಬಂದು ನೆಲೆಸಿದ, ಕಟ್ಟುನಿಟ್ಟಿನ ನಡತೆಗೆ ಹೆಸರಾದ ಪ್ಯೂರಿಟನ್ ಕ್ರೈಸ್ತರ ಸಂಪ್ರದಾಯವೇ ಕಾರಣ ಎನ್ನುವವರಿದ್ದಾರೆ. ಕಣ್ಣಿಗೆ ಕಾಣುವ ಕಾರಣ ಕಾನೂನಿನಲ್ಲೇ ಇದೆ. ಅಲ್ಲಿ ಅಶ್ಲೀಲತೆಯ ಕಾನೂನು ಲೈಂಗಿಕ ವಿಷಯಕ್ಕೆ ಮಾತ್ರ ಅನ್ವಯಿಸುತ್ತದೆ, ಹಿಂಸೆಗೆ ಇಲ್ಲ. 2011ರಲ್ಲಿ ಹಿಂಸಾತ್ಮಕ ವಿಡಿಯೋ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯದ ಕಾನೂನನ್ನು ಸುಪ್ರೀಂ ಕೋರ್ಟ್ ಇದೇ ಆಧಾರದ ಮೇಲೆ ರದ್ದು ಮಾಡಿತು. ಒಪ್ಪದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಕೇಳಿದ ಪ್ರಶ್ನೆಯ ಸಾರ ಹೀಗಿತ್ತು: ಹದಿಮೂರರ ಹುಡುಗನಿಗೆ ಬೆತ್ತಲೆ ಹೆಂಗಸಿನ ಚಿತ್ರ ಮಾರುವುದನ್ನು ತಡೆಯಬಹುದು, ಹೆಂಗಸನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟ ಮಾರುವುದನ್ನು ತಡೆಯುವಂತಿಲ್ಲ ಎಂದರೆ ಅದರಲ್ಲಿ ಏನರ್ಥವಿದೆ?

ರೇಟಿಂಗ್ ನಿಯಮದಲ್ಲೂ ಸಂದರ್ಭಕ್ಕೆ ಜಾಗವಿದೆ. ಪಿಜಿ-13 ಚಿತ್ರದಲ್ಲಿ ನಗ್ನತೆ ಇರಬಹುದು, ಸಾಮಾನ್ಯವಾಗಿ ಅದು ಲೈಂಗಿಕ ಸ್ವರೂಪದ್ದಾಗಿರಬಾರದು. 1997ರ ‘ಟೈಟಾನಿಕ್’ ಚಿತ್ರದಲ್ಲಿ ನಾಯಕಿ ರೇಖಾಚಿತ್ರಕ್ಕೆ ಮಾದರಿಯಾಗಿ ಬೆತ್ತಲೆ ಮಲಗುವ ದೃಶ್ಯವಿದ್ದೂ ಪಿಜಿ-13 ಸಿಕ್ಕಿತ್ತು.

## ಒಂದೇ ಚಿತ್ರ, ಎರಡು ದೇಶ

1997ರ ಫೆಬ್ರವರಿಯಲ್ಲಿ ಎನ್‌ಬಿಸಿ ವಾಹಿನಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ ‘ಷಿಂಡ್ಲರ್ಸ್ ಲಿಸ್ಟ್’ ಚಿತ್ರವನ್ನು ನಡುವೆ ಮಾಮೂಲು ಜಾಹೀರಾತುಗಳಿಲ್ಲದೆ ದೇಶಕ್ಕೆಲ್ಲ ತೋರಿಸಿತು. ಸುಮಾರು 6.5 ಕೋಟಿ ಜನ ನೋಡಿದರು. ಶಿಬಿರದಲ್ಲಿ ಕೈದಿಗಳನ್ನು ಬೆತ್ತಲೆ ಓಡಿಸಿ, ದುಡಿಯಲು ತಾಕತ್ತಿಲ್ಲದವರನ್ನು ಸಾಯಲು ಆರಿಸುವ ದೃಶ್ಯ ಅದರಲ್ಲಿದೆ. ಒಕ್ಲಹೋಮಾದ ಸಂಸದ ಟಾಮ್ ಕೋಬರ್ನ್, ಮನೆಮಂದಿ ಕೂತು ನೋಡುವ ಹೊತ್ತಿನಲ್ಲಿ ಪೂರ್ಣ ನಗ್ನತೆ ತೋರಿಸಿದ್ದಾರೆಂದು ವಾಹಿನಿಯನ್ನು ಖಂಡಿಸಿದರು. ಅವರ ಪಕ್ಷದವರೇ ತಿರುಗಿಬಿದ್ದರು. ಆ ಮೈಗಳಲ್ಲಿ ಕಾಮ ಕಾಣುವುದಾದರೂ ಹೇಗೆ ಎಂದು ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಅವರು ಕ್ಷಮೆ ಕೇಳಿದರು.

ಅದಕ್ಕೂ ಸುಮಾರು ಒಂಬತ್ತು ತಿಂಗಳ ಹಿಂದೆಯೇ, 1996ರ ಮೇ ತಿಂಗಳಲ್ಲಿ, ನಮ್ಮ ಸುಪ್ರೀಂ ಕೋರ್ಟ್ ಇದೇ ಚಿತ್ರವನ್ನು ಉದಾಹರಿಸಿತ್ತು. ಪ್ರಶ್ನೆಯಲ್ಲಿದ್ದದ್ದು ಫೂಲನ್ ದೇವಿಯ ಬದುಕನ್ನು ಆಧರಿಸಿದ, ಶೇಖರ್ ಕಪೂರ್ ನಿರ್ದೇಶನದ ‘ಬ್ಯಾಂಡಿಟ್ ಕ್ವೀನ್’. ಊರಿನವರೆದುರು ಹೆಣ್ಣೊಬ್ಬಳನ್ನು ಬೆತ್ತಲೆ ಮಾಡಿ ಬಾವಿಯವರೆಗೆ ನಡೆಸುವ ದೃಶ್ಯ ಅಶ್ಲೀಲವೇ? ನ್ಯಾಯಮೂರ್ತಿ ಎಸ್.ಪಿ. ಭರೂಚಾ ಬರೆದ ತೀರ್ಪು ಷಿಂಡ್ಲರ್ಸ್ ಲಿಸ್ಟ್‌ನ ಬೆತ್ತಲೆ ಕೈದಿಗಳ ಸಾಲನ್ನು ನೆನಪಿಸಿತು. ಅದನ್ನು ನೋಡಿದವರಿಗೆ ಕಣ್ಣೀರು, ಕರುಣೆ, ಭಯ, ಮನುಷ್ಯರಾಗಿ ನಾಚಿಕೆ ಹುಟ್ಟುತ್ತದೆ, ವಿಕೃತ ಮನಸ್ಸಿನವನಿಗೆ ಮಾತ್ರ ಬೇರೆ ಭಾವನೆ ಬರಬಹುದು, ಅಂಥವನಿಗಾಗಿ ನಾವು ಸೆನ್ಸಾರ್ ಮಾಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಚಿತ್ರಕ್ಕೆ ‘ಎ’ ಸರ್ಟಿಫಿಕೇಟ್ ಉಳಿಯಿತು. ಬಟ್ಟೆ ಕಳಚಿದ್ದು ಯಾರು, ಯಾಕೆ ಎಂದು ಕೇಳದೆ ಬೆತ್ತಲೆಯ ಬಗ್ಗೆ ತೀರ್ಪು ಕೊಡಬಾರದೆಂದು ಇಷ್ಟು ನೇರವಾಗಿ ಹೇಳಿದ ಮಾತು ನಮ್ಮಲ್ಲಿ ಅಪರೂಪ.

## ಕ್ಯಾಮೆರಾದ ಮುಂದೆ ನಿಲ್ಲುವವರ ಪಾಡು

ಇಲ್ಲಿಯವರೆಗಿನ ಜಗಳದಲ್ಲಿ ಮಾತಾಡಿದವರು ಪಾದ್ರಿಗಳು, ನಿರ್ಮಾಪಕರು, ನ್ಯಾಯಮೂರ್ತಿಗಳು, ಪ್ರೇಕ್ಷಕರು. ಬಟ್ಟೆ ತೆಗೆಯಬೇಕಾದವರನ್ನು ಬಹುಕಾಲ ಯಾರೂ ಕೇಳಲಿಲ್ಲ. ಪಾತ್ರಕ್ಕೆ ನೈಜತೆ ಬೇಕು ಎಂಬ ಮಾತು ಸೆನ್ಸಾರ್ ಎದುರು ಗುರಾಣಿಯಾಗಿತ್ತು. ಸೆಟ್ಟಿನೊಳಗೆ ಅದೇ ಮಾತನ್ನು ನಟಿಯರ ಮೇಲೆ ಒತ್ತಡ ಹಾಕಲು ಬಳಸಬಹುದಿತ್ತು. 1992ರ ‘ಬೇಸಿಕ್ ಇನ್‌ಸ್ಟಿಂಕ್ಟ್’ ಚಿತ್ರದ ಕುಖ್ಯಾತ ವಿಚಾರಣೆ ದೃಶ್ಯದಲ್ಲಿ ಏನು ಕಾಣಲಿದೆ ಎಂಬುದನ್ನು ತನಗೆ ಸರಿಯಾಗಿ ಹೇಳಿರಲಿಲ್ಲ ಎಂದು ನಟಿ ಶರನ್ ಸ್ಟೋನ್ ಬರೆದಿದ್ದಾರೆ. ನಿರ್ದೇಶಕ ಪಾಲ್ ವೆರ್ಹೋವನ್ ಅದನ್ನು ಅಲ್ಲಗಳೆದಿದ್ದಾರೆ. ಬರವಣಿಗೆಯಲ್ಲಿ ಒಪ್ಪಂದ ಖಚಿತವಾಗಿಲ್ಲದಿದ್ದರೆ ಇಂಥ ವಿವಾದ ಎಂದಿಗೂ ಬಗೆಹರಿಯುವುದಿಲ್ಲ.

ನಟಿಯೇ ನೈಜತೆಯ ವಾದ ಹೂಡಿದ್ದೂ ಇದೆ. ‘ದಿ ವುಲ್ಫ್ ಆಫ್ ವಾಲ್‌ಸ್ಟ್ರೀಟ್’ ಚಿತ್ರದಲ್ಲಿ ನಿಲುವಂಗಿ ತೊಟ್ಟುಕೊಳ್ಳಬಹುದೆಂದು ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಹೇಳಿದರೂ, ಈ ಪಾತ್ರದವಳು ಹಾಗೆ ಮಾಡುವವಳಲ್ಲ ಎಂದು ಮಾರ್ಗೊ ರಾಬಿ ತಾವೇ ಬೇಡವೆಂದರು.

ನೈಜ ಎಂದು ನಾವು ನಂಬುವ ಎಷ್ಟೋ ದೃಶ್ಯಗಳು ಜೋಡಣೆಯ ಕೆಲಸ ಎಂಬುದೂ ತಿಳಿದಿರಲಿ. ಹಿಚ್‌ಕಾಕ್ ಅವರ ‘ಸೈಕೋ’ ಚಿತ್ರದ ಸ್ನಾನದ ಮನೆಯ ಕೊಲೆ ಒಂದು ನಿಮಿಷವೂ ಇಲ್ಲ, ಅದನ್ನು ತೆಗೆಯಲು ಒಂದು ವಾರ ಹಿಡಿಯಿತು. ಕೆಲವು ಶಾಟ್‌ಗಳಲ್ಲಿ ಇದ್ದದ್ದು ನಾಯಕಿ ಜಾನೆಟ್ ಲೀ ಅಲ್ಲ, ಡ್ಯೂಪ್ ಮಾರ್ಲಿ ರೆನ್‌ಫ್ರೋ. ರಕ್ತದಂತೆ ಹರಿದದ್ದು ಚಾಕೊಲೇಟ್ ಸಿರಪ್. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿ ರಾಣಿಯನ್ನು ಬೆತ್ತಲೆ ಮೆರವಣಿಗೆ ಮಾಡಿಸುವ ದೃಶ್ಯದಲ್ಲಿ ಮುಖ ಲೀನಾ ಹೆಡಿ ಅವರದು, ಮೈ ಇನ್ನೊಬ್ಬ ನಟಿಯದು. ಎರಡನ್ನೂ ಕಂಪ್ಯೂಟರಿನಲ್ಲಿ ಕೂಡಿಸಿದ್ದು. ಹಾಗಾಗಿ, ನಟಿ ನಿಜವಾಗಿ ಬೆತ್ತಲಾದರೆ ಮಾತ್ರ ದೃಶ್ಯ ನೈಜವಾಗುತ್ತದೆ ಎಂಬ ಮಾತು ತಂತ್ರದ ದೃಷ್ಟಿಯಿಂದ ನಿಲ್ಲುವುದಿಲ್ಲ.

2017ರ ‘ಮಿ ಟೂ’ ಚಳವಳಿಯ ನಂತರ ಅಮೆರಿಕದ ಸೆಟ್‌ಗಳಲ್ಲಿ ಹೊಸ ಹುದ್ದೆಯೊಂದು ಬಂತು, ಇಂಟಿಮಸಿ ಕೋಆರ್ಡಿನೇಟರ್. ಹೊಡೆದಾಟಕ್ಕೆ ಸ್ಟಂಟ್ ಮಾಸ್ಟರ್ ಇರುವಂತೆ ಬೆತ್ತಲೆ ಮತ್ತು ಪ್ರಣಯದ ದೃಶ್ಯಗಳಿಗೆ ಇವರು. ಯಾರು ಎಲ್ಲಿ ಮುಟ್ಟಬಹುದು, ಮೈಯ ಯಾವ ಭಾಗ ಕಾಣಬಹುದು, ಸೆಟ್ಟಿನಲ್ಲಿ ಯಾರು ಇರಬೇಕು ಎಂದು ಮೊದಲೇ ಮಾತಾಡಿ ಹೆಜ್ಜೆಹೆಜ್ಜೆಯಾಗಿ ದೃಶ್ಯ ಕಟ್ಟುತ್ತಾರೆ. ಮೈಬಣ್ಣದ ಮರೆಬಟ್ಟೆ, ನಡುವೆ ಇಡುವ ತೆಳು ದಿಂಬು, ಇವೆಲ್ಲ ಅವರ ಸಾಮಾನು. 2018ರಲ್ಲಿ ಎಚ್‌ಬಿಒ ‘ದಿ ಡ್ಯೂಸ್’ ಧಾರಾವಾಹಿಗೆ ಅಲಿಷಿಯಾ ರೋಡಿಸ್ ಅವರನ್ನು ನೇಮಿಸಿ, ನಂತರ ತನ್ನ ಇಂಥ ಎಲ್ಲ ಚಿತ್ರೀಕರಣಕ್ಕೂ ಇದನ್ನು ಪದ್ಧತಿ ಮಾಡಿತು. 2020ರಲ್ಲಿ ನಟರ ಸಂಘವಾದ ಸ್ಯಾಗ್-ಆಫ್ಟ್ರಾ ಮಾರ್ಗಸೂಚಿ ಹೊರಡಿಸಿತು.

ಎಲ್ಲರಿಗೂ ಇದು ಒಪ್ಪಿಗೆಯಾಗಿಲ್ಲ. 2025ರಲ್ಲಿ ಐದು ಆಸ್ಕರ್ ಗೆದ್ದ ‘ಅನೋರಾ’ ಚಿತ್ರದ ನಾಯಕಿ ಮೈಕಿ ಮ್ಯಾಡಿಸನ್, ಕೋಆರ್ಡಿನೇಟರ್ ಬೇಕೇ ಎಂದು ಕೇಳಿದಾಗ ಬೇಡವೆಂದದ್ದಾಗಿ ಹೇಳಿದರು. ಅವರ ಆಯ್ಕೆ ಅವರದು ಎಂದವರಿದ್ದರು. ಹೊಸಬರಿಗೆ ಬೇಕು ಎನ್ನುವ ಧೈರ್ಯ ಇರುವುದಿಲ್ಲ, ಹಾಗಾಗಿ ಕೇಳುವುದೇ ಬೇಡ, ಕಡ್ಡಾಯ ಮಾಡಿ ಎಂದವರೂ ಇದ್ದರು.

ಇದರ ನಡುವೆ ನಟರ ಸಂಘದ ಒಪ್ಪಂದದಲ್ಲಿ ಕೆಲವು ಸಂಗತಿ ಗಟ್ಟಿಯಾಗಿವೆ. ಬೆತ್ತಲೆ ದೃಶ್ಯಕ್ಕೆ ನಟ ಅಥವಾ ನಟಿಯ ಬರಹದ ಒಪ್ಪಿಗೆ ಬೇಕು, ಸೆಟ್ಟಿಗೆ ಸಂಬಂಧವಿಲ್ಲದವರನ್ನು ಹೊರಗಿಡಬೇಕು. ಒಪ್ಪಿದ ಮೇಲೂ, ಕ್ಯಾಮೆರಾ ಓಡುವ ಮೊದಲು, ಮನಸ್ಸು ಬದಲಾಯಿಸಬಹುದು. ಆಗ ನಿರ್ಮಾಪಕರು ಡ್ಯೂಪ್ ಬಳಸಬಹುದು. ಚಿತ್ರಿಸಿ ಮುಗಿದಿರುವ ದೃಶ್ಯಕ್ಕೆ ಕೊಟ್ಟ ಒಪ್ಪಿಗೆಯನ್ನು ಮಾತ್ರ ಹಿಂದಕ್ಕೆ ಪಡೆಯುವಂತಿಲ್ಲ. ಅದಕ್ಕೇ ಈಗ ಚರ್ಚೆಯ ಹೆಚ್ಚಿನ ಪಾಲು ಒಪ್ಪಂದದ ಕಾಗದದ ಮೇಲೆ, ಶೂಟಿಂಗಿಗೆ ಮೊದಲೇ ನಡೆಯುತ್ತದೆ: ಯಾವ ಶಾಟ್, ಯಾವ ಕೋನ, ಎಷ್ಟು ಮರೆ, ಡ್ಯೂಪ್ ಯಾರು ಎಂದು ಒಂದೊಂದಾಗಿ ಬರೆದುಕೊಂಡು.